ಅಳ್ಳಾಡೊ ಫರಸಿ

ಅರ್ಜಿ ಮ್ಯಾಲಿನ ಮೊದಲ ಸಹಿ ನಂದೇ.
ಇದನ್ನ ಮೊದಲೇ ಹೇಳಿಬಿಡ್ತೀನಿ,
ಆಮ್ಯಾಲ ಯಾರೂ ಎತ್ತಿ ಆಡಬಾರದು.

ಹತ್ತಿಕಾಳ ಓಣಿ, ಬಾವಿಕಟ್ಟಿಯಿಂದ ಗಿರಣಿ ಗ್ವಾಡಿ ತನಕ
ನೂರಾ ಹನ್ನೆರಡು ಹೆಜ್ಜಿ, ಎಲ್ಲಾ ಶಹಾಬಾದಿ ಕಲ್ಲು.
ಕಲಬುರಗಿ ಬ್ಯಾಸಗಿಗೆ ರೊಟ್ಟಿ ಹಂಚಿನಂಗ ಕಾಯ್ತಿದ್ವು,
ಮಳಿ ಬಂದ್ರ ಸಂದಿನಾಗ ಮೋರಿ ನೀರು.
ಖಾಸಿಂಬಿ ಜಾರಿ ಬಿದ್ದು ಸೊಂಟಕ್ಕ ರಾಡು ಹಾಕಿಸ್ಕೊಂಡಳು.
ಗ್ಯಾಸಿನ ಪೋರ ಸಿಲಿಂಡರ್ ಹೆಗಲ ಮ್ಯಾಲಿಟ್ಟು
ನಮ್ಮ ಓಣಿಗೇ ಬೈತಿದ್ದ,
ಬೈಗಳಾ ಮಾತ್ರ ಭಾಳ ಚಂದ ಇರ್ತಿದ್ವು.
ಅದಕ್ಕ ಬರದ್ವಿ: ಮಾನ್ಯರೇ, ಸಿಸಿ ರಸ್ತೆ ಮಾಡಿಕೊಡಬೇಕು.
ಮೂರು ಕಮಿಷನರ್ ಬದಲಾದ್ರು.
ನಾಲ್ಕನೇದಾಂವ ಮಾಡಿಕೊಟ್ಟ.

ಜೆಸಿಬಿ ಓಣಿಯೊಳಗ ಹಿಡಸ್ಲಿಲ್ಲ,
ಹಾರಿ ಹಿಡಕೊಂಡು ಎಂಟು ಮಂದಿ ಬಂದ್ರು.
ಕಲ್ಲಿನ ಬುಡಕ್ಕ ಬಳಿಚೂರು, ಬುಗುರಿ ಮೊಳಿ,
ತೂತಿನ ಕಾಸು ಒಂದು. ಅದನ್ನ ಮೇಸ್ತ್ರಿ ಇಟ್ಕೊಂಡ.

ಅವತ್ತೇ ಒಬ್ಬ ಹುಡುಗ ಕ್ಯಾಮೆರಾ ಹಿಡದು ಬಂದ,
ಪರಂಪರೆ ಉಳಿಸೋ ಸಂಘದಾಂವ.
"ಇವು ಎಷ್ಟು ವರ್ಷ ಹಳೇವು, ಆಂಟಿ?"
"ನಾ ನಡಿಲಿಕ್ಕ ಬಂದಾಗ ಇದ್ವು."
"ಉಳಿಸ್ಬೇಕಿತ್ತು."
"ನಿಮ್ಮನಿ ಎಲ್ಲ್ಯದ?"
"ಹೈಕೋರ್ಟ್ ಕಡಿ, ಹೊಸ ಲೇಔಟು."
"ಅಲ್ಲಿ ರಸ್ತೆ?"
ಹುಡುಗ ಝರಾ ನಕ್ಕ. "ಡಾಂಬರ್ರಿ."
ಛಲೋ ಹುಡುಗ. ಚಾ ಕುಡದು ಹೋದ.

ನನ್ನ ಬಾಗಲಿಂದ ಮೂರನೇ ಕಲ್ಲು,
ಅದೊಂದು ಮಾತ್ರ ಅಳ್ಳಾಡ್ತಿತ್ತು.
ಮಶೀನ್ ತುಳ್ಕೊಂತ ಕುಂತ್ರ
ತಲಿ ಎತ್ತೋದು ಬ್ಯಾಡ, ಓಣಿ ಎಲ್ಲಾ ಕಿವಿಯೊಳಗ ಬರ್ತಿತ್ತು.
ಡಬ್ ಅಂದು ತಡದು ಟಕ್ ಅಂದ್ರ ಖಾಸಿಂಬಿ.
ಟಕಟಕ ಎರಡು ಸಲ ಅಂದ್ರ ಸಾಲಿ ಬಿಟ್ಟದ.
ನಸೀಕಿನಾಗ ದಪ್ಪನ ಒಂದೇ ಸಪ್ಪಳ:
ದಾಲಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಅಂಬಾರಾಯ.
ಜಗದೇವಿ ಮಗಳು ಬಸುರಿದ್ದದ್ದು
ಅವರವ್ವಗಿಂತ ಮೊದಲು ಆ ಕಲ್ಲಿಗಿ ತಿಳೀತು.
ಕುಡದು ಬಂದ ದಿನ ನನ್ನ ಗಂಡ
ಬೇಕಂತಲೇ ಅದನ್ನ ದಾಟಿ ಕಾಲಿಡ್ತಿದ್ದ.
ಹನ್ನೊಂದರ ತನಕ ಸಪ್ಪಳ ಇಲ್ಲ, ಚಿಲಕ ಅಲ್ಲಾಡ್ತು,
ಅಷ್ಟರಾಗ ನನಗ ಗೊತ್ತಾಗಿರ್ತಿತ್ತು.
ಅಂವ ಹೋಗಿ ಒಂಬತ್ತು ವರ್ಷ ಆಯ್ತು.

ಹಾರಿ ಹಾಕಿ ಮೀಟಿದ್ರು, ಎರಡು ಹೋಳಾಯ್ತು.
ಬುಡಕ್ಕ ಹುಣಸಿಬೀಜದಷ್ಟು ಒಂದು ಹಳ್ಳು.
ಇಷ್ಟೇ ಇತ್ತು ಅದರ ಗುಟ್ಟು,
ಮನಸ್ಸು ಮಾಡಿದ್ರ ಯಾವತ್ತೋ ತಗೀಬಹುದಿತ್ತು.
ಯಾರೂ ತಗೀಲಿಲ್ಲ. ನಾನೂ ತಗೀಲಿಲ್ಲ.
ಈಗ ಮಶೀನಿನ ಖಾನೆಯೊಳಗ ಗುಂಡಿಗಳ ಜೋಡಿ ಬಿದ್ದದ,
ಅವಸರದಾಗ ಒಂದೆರಡು ಸಲ
ಜಂಪರಿಗಿ ಹಚ್ಚಲಿಕ್ಕ ಅದನ್ನೇ ತಗದೀನಿ.

ಉಳದ ಕಲ್ಲು ಟ್ರ್ಯಾಕ್ಟರಿನಾಗ ಹೋದ್ವು,
ರಿಂಗ್ ರೋಡಿನ ಯಾವುದೋ ಹೋಟಲಿಗಂತ,
ಹಳೀ ಕಾಲದ ಊಟದ ಮನಿ ಕಟ್ಟಲಿಕತ್ಯಾರಂತ.
ನಾವೂ ಕಳ್ಳರೇ. ರಾತ್ರೋರಾತ್ರಿ
ಮನಿಗೊಂದು ಎಳಕೊಂಡೀವಿ,
ಅರಿವಿ ಒಗೀಲಿಕ್ಕ, ನೀರಿನ ಡ್ರಮ್ಮಿನ ಬುಡಕ್ಕ.

ರಸ್ತೆ ಛಲೋ ಆಗ್ಯಾದ. ಸುಳ್ಳ್ಯಾಕ ಹೇಳಲಿ.
ಖಾಸಿಂಬಿ ವಾಕರ್ ತಳ್ಕೊಂತ ತಿರುವಿನ ತನಕ ಹೋಗ್ತಾಳ,
ಹೋಗಿ ಬಂದಿದ್ದನ್ನ ಮನಿಮನಿಗೂ ಹೇಳ್ತಾಳ.
ಗ್ಯಾಸಿನ ಪೋರ ಸಿಲಿಂಡರ್ ಉರುಳಿಸ್ಕೊಂಡು ಬರ್ತಾನ,
ಸುಮ್ಮನ.

ನಿನ್ನಿ ನಸೀಕಿನಾಗ ಬಾಗಲ ಬಡದಂಗಾಯ್ತು.
ಎದಿ ಧಸಕ್ಕಂತು.
"ಯಾರು?" ಅಂದೆ.
ಹೊರಗ ಸ್ವಲ್ಪ ಹೊತ್ತು ಮಾತೇ ಇಲ್ಲ.
"ನಾ... ಅಂಬಾರಾಯ."
ತಗದು ನೋಡಿದ್ರ ನುಚ್ಚುಬ್ಯಾಳಿ ಗಂಟು ಹಿಡದು ನಿಂತಾನ,
ಹುಬ್ಬಿನ ತನಕ ತೊಗರಿ ಹೊಟ್ಟು.
"ಮೂವತ್ತೊಂದು ವರ್ಷದಾಗ ಯಾರು ಅಂತ ಕೇಳಿದ್ದಿಲ್ಲಲ್ಲ, ಅಕ್ಕ?"
"ಕೇಳಿಸ್ಲಿಲ್ಲಪ್ಪ, ನೀ ಬಂದಿದ್ದು."

ಅಂವ ಕೆಳಗ ನೋಡಿದ.
ಹಿಂದಕ್ಕ ಸರದು, ಮೂರನೇ ಕಲ್ಲು ಇದ್ದಲ್ಲೇ
ಹಿಮ್ಮಡದಿಂದ ಒಮ್ಮೆ ಜೋರಾಗಿ ತುಳದ.
ಸಿಮೆಂಟ್ ಏನೂ ಅನ್ಲಿಲ್ಲ.