ಎಂಟು ಹಾಳೆಯ ಹುಡುಗಿ

ನಾನು ಓದುವುದಿಲ್ಲ, ಅಂಟಿಸುತ್ತೇನೆ.
ಪೋರ್ತೊ ಊರಿನ ಏರುಬೀದಿಗಳಲ್ಲಿ ಇಪ್ಪತ್ತೆರಡು ವರ್ಷದಿಂದ
ಬಕೆಟ್ಟು, ಗೋಂದು, ಉದ್ದ ಹಿಡಿಯ ಬ್ರಷ್ಷು.
ಮೇಲಿನ ಸಾಲು ಮೊದಲು, ಆಮೇಲೆ ಕೆಳಗಿನದು,
ಎಂಟು ಹಾಳೆ ಕೂಡಿದರೆ ಒಂದು ಮಾತು.
ಅಂಟಿಸುವವನಿಗೆ ಕಾಣುವುದು ಬರೀ ಚೂರು:
ಅರ್ಧ ಮೂಗು, ಒಂದು ಮೊಣಕಾಲು,
ಬಾಗಿಲಿನಷ್ಟು ಎತ್ತರದ ಒಂದು ಅಕ್ಷರ.

ಆ ಮಂಗಳವಾರ ನಸುಕಿನ ನಾಲ್ಕಕ್ಕೆ
ನದಿಯ ಮಂಜು ಮೆಟ್ಟಿಲು ಹತ್ತಿ ಬರುತ್ತಿತ್ತು.
ಆಸ್ಪತ್ರೆಯೆದುರಿನ ಗೋಡೆಗೆ ಹಚ್ಚಿ,
ಮನೆಗೆ ಬಂದು, ಉಳಿದ ಸೂಪು ಬಿಸಿ ಮಾಡಿ ಕುಡಿದು ಮಲಗಿದೆ.
ನಾನೇಳುವಾಗ ಊರೇ ಎದ್ದಿತ್ತು.

ಓಟದ ಬೂಟಿನ ಜಾಹೀರಾತು. ಮ್ಯಾರಥಾನಿಗೆ ಇನ್ನು ಮೂರೇ ವಾರ.
ಹುಡುಗಿಯೊಬ್ಬಳು ನಮ್ಮ ಮೈಮೇಲೇ ನುಗ್ಗಿ ಬರುತ್ತಿದ್ದಾಳೆ
ಹಲ್ಲು ಕಚ್ಚಿಕೊಂಡು.
ತಲೆಯ ಮೇಲೆ ಕೆಂಪಗೆ:
ನಡೆಯುವವರೇ, ದಾರಿ ಬಿಡಿ.

ಮೊದಲು ಕಂಡವಳು ಬೆಲ್ಮೀರಾ.
ಮೀನಿನ ಬುಟ್ಟಿ ಹೊತ್ತು ಹೊತ್ತು ಸವೆದ ಸೊಂಟಕ್ಕೆ
ಉಕ್ಕಿನ ಕೀಲು ಹಾಕಿಸಿಕೊಂಡು
ಅಂದೇ ಮೊದಲ ಸಲ ಹೊರಗೆ ಬಂದಿದ್ದಳು.
ಆಸ್ಪತ್ರೆಯ ಬಾಗಿಲಿಂದ ಟ್ರಾಮಿನ ಕಂಬದವರೆಗೆ ನಲವತ್ತು ಹೆಜ್ಜೆ,
ಡಾಕ್ಟರು ಕೊಟ್ಟ ಲೆಕ್ಕ.
ಹದಿನೇಳನೆಯದರಲ್ಲಿ ತಲೆಯೆತ್ತಿದಳು.
"ಯಾರಿಗೆ ಹೇಳ್ತೀಯೆ ಇದನ್ನ?"
ಮೀನುಪೇಟೆಯ ಗಂಟಲು, ಟ್ರಾಮು ನಿಂತಿತು.

ಸಂಜೆಗೆ ಬೀದಿ ತುಂಬಾ ಜನ.
ಗಾಲಿಕುರ್ಚಿಗಳು ಅಡ್ಡಕ್ಕೆ ಸಾಲುಗಟ್ಟಿ ನಿಂತು
ದಾರಿ ಬಿಡಲಿಲ್ಲ, ಕಾರಿಗೂ, ಬಸ್ಸಿಗೂ.
ಸಲೈನಿನ ಕೋಲು ಉರುಳಿಸುತ್ತ ಒಬ್ಬ ಮುದುಕ ಬಂದ,
ಹಿಂದೆ ನರ್ಸು ಕೂಗುತ್ತಾ.
ಮೊಟ್ಟೆ ಬಿದ್ದವು, ಕೊಳೆತ ಟೊಮ್ಯಾಟೊ, ಒಂದೆರಡು ಮತ್ತಿ ಮೀನು.
"ಓಡಲಾರದವರ ಹೊಟ್ಟೆಕಿಚ್ಚು" ಎಂದನೊಬ್ಬ ಓಟಗಾರ;
ಅವನ ಬೆನ್ನಿಗೂ ಒಂದು ಬಿತ್ತು.

ಲಿಸ್ಬನ್ನಿನಿಂದ ಕಂಪನಿಯ ಮಾತು ಬಂತು:
ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ.
ಆ "ಆಗಿದ್ದರೆ"ಗೆ ಮತ್ತೆರಡು ಡಜನ್ ಮೊಟ್ಟೆ.
ಇತ್ತ ಅಂಗಡಿಯ ಹುಡುಗ ನನ್ನ ಕಿವಿಯಲ್ಲಿ,
"ಆ ಬೂಟು ಒಂದು ಜೊತೆಯೂ ಉಳಿದಿಲ್ಲ ಮಾರಾಯ."

ಗುರುವಾರ ರಾತ್ರಿ ಕಿತ್ತುಹಾಕುವ ಕೆಲಸವೂ ನನಗೇ ಬಂತು.
ಗೋಡೆಯ ಬುಡದಲ್ಲಿ ಯಾರೋ ಕೂತಿದ್ದರು, ತಲೆಗೆ ಮುಸುಕು.
ಲಾಟೀನು ಎತ್ತಿ ಹಿಡಿದೆ:
ಅದೇ ಮೂಗು, ಆದರೆ ಇಡಿಯಾಗಿ.
ಹತ್ತೊಂಬತ್ತು ವರ್ಷವಂತೆ. ಹೆಸರು ಈರಿಯಾ.

"ಆ ಮಾತು ನನ್ನದಲ್ಲ," ಎಂದಳು, ನಾನು ಕೇಳುವ ಮೊದಲೇ.
"ಇಪ್ಪತ್ತಾರು ಸಲ ಓಡಿಸಿದರು, ಅದೇ ಸೇತುವೆ, ಅದೇ ಬಿಸಿಲು.
ನಕ್ಕದ್ದನ್ನೆಲ್ಲ ಬಿಟ್ಟರು.
ಬೂಟು ಒಂದು ಅಳತೆ ಚಿಕ್ಕದಿತ್ತು. ಹಿಮ್ಮಡಿ ಸುಲಿದಿತ್ತು.
ಹಲ್ಲು ಕಚ್ಚಿದ್ದು ಅದಕ್ಕೆ."

ಏನು ಹೇಳಲಿ? ನೀರೆರಚಿದೆ, ಕಾಗದ ಉಬ್ಬಿತು.
ಅವಳೂ ಒಂದು ತುದಿ ಹಿಡಿದು ಎಳೆದಳು.
ಗದ್ದ ಬಂತು, ಒಣಗಿದ ಹಳದಿಯ ಸಮೇತ, ಕುತ್ತಿಗೆ ಬಂತು.
ಕೆಳಗೆ ಹಳೆಯ ಸರ್ಕಸ್ಸಿನ ಒಂಟೆಯೊಂದು ಇಣುಕಿತು.
ಅವಳು ನಕ್ಕಳು. ಅವರು ಬಿಟ್ಟ ನಗು ಇದೇ ಇರಬೇಕು.
ಬಲಗಿವಿಯ ಚೂರನ್ನು ಮಡಚಿ ಜೇಬಿಗಿಟ್ಟುಕೊಂಡು
ಇಳಿಜಾರಿನಲ್ಲಿ ಹೋದಳು,
ಓಡದೆ, ಒಂದು ಕಾಲು ತುಸು ಎಳೆಯುತ್ತ.

ನನಗೆ ಎರಡು ಕೂಲಿ: ಹಚ್ಚಿದ್ದಕ್ಕೆ ಒಂದು, ಕಿತ್ತದ್ದಕ್ಕೆ ಇನ್ನೊಂದು.
ಸಂಬಳದ ಚೀಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿವೆ.
ಬೆಲ್ಮೀರಾ ಈಗ ದಿನವೂ ಆ ದಾರಿಯಲ್ಲೇ ನಡೆಯುತ್ತಾಳೆ;
ಎದುರಾದರೆ ನಾನು ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸುತ್ತೇನೆ.

ಓದುವುದಿಲ್ಲ ಎಂದೆನಲ್ಲ, ಅದು ಸುಳ್ಳು.
ಕೊನೆಯ ಹಾಳೆ ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು
ಸುಕ್ಕಿದೆಯೇ ಎಂದು ನೋಡುವುದು ರೂಢಿ.
ನೋಡಿದೆ. ಓದಿದೆ. ಬೆನ್ನ ಹಿಂದೆ
ಆಸ್ಪತ್ರೆಯ ಕಿಟಕಿಗಳಲ್ಲಿ ದೀಪವಿತ್ತು.
ಚಳಿಯಿತ್ತು. ಸುಕ್ಕಿರಲಿಲ್ಲ.