ಎರಡು ಬೆರಳಿನಷ್ಟು

ದೇವರಿಗೆ ಕಟ್ಟು ಹಾಕಿದ್ದೇನೆ, ತೀರಿಹೋದವರಿಗೆ ಹಾಕಿದ್ದೇನೆ,
ರೋಸಿನ ತೆಂಗಿನಹಾಲಲ್ಲಿ ತೊಯ್ದ ಮದುಮಗಳಿಗೆ,
ಏಳನೇ ಕ್ಲಾಸಿನ ಸರ್ಟಿಫಿಕೇಟಿಗೆ,
ಒಮ್ಮೆ ಯಾರದೋ ಕತ್ತರಿಸಿದ ಜಡೆಗೂ.
ಭೂಪಟಕ್ಕೆ ಇದೇ ಮೊದಲು.

ಸ್ವರೂಪಾ ಬಾಳಿಗರು ಕೊಳವೆಯಿಂದ ಎಳೆದು ಹರಡಿದರು
ಕಾರ್‌ಸ್ಟ್ರೀಟಿನ ನನ್ನ ಮೇಜಿನ ಮೇಲೆ.
ನಾಲ್ಕು ಮೂಲೆಗೆ ನಾಲ್ಕು ಮೊಳೆಡಬ್ಬಿ ಇಟ್ಟರೂ
ಸುರುಳಿ ಸುತ್ತಿಕೊಳ್ಳುವ ಕರಾವಳಿ.
"ಕದ್ರಿಯಲ್ಲಿ ಹೊಸ ಫ್ಲಾಟು, ಹದಿನಾಲ್ಕನೇ ಮಾಳಿಗೆ.
ಸೋಫಾದ ಮೇಲೆ ಇದು, ಊಟದ ಮೇಜಿನ ಹತ್ತಿರ ಮಲಬಾರು,
ಗೆಸ್ಟ್ ರೂಮಿಗೆ ಸಿಲೋನು. ಎಲ್ಲಕ್ಕೂ ಒಂದೇ ಅಳತೆ."

ಕಾಗದ ಹೋದ ತಿಂಗಳದ್ದು.
ಚಹಾ ಚೆಲ್ಲಿದ ಬಣ್ಣ ಯಂತ್ರದ್ದು.
ಹುಳ ಕೊರೆದ ತೂತುಗಳೂ ಅಚ್ಚಾಗಿವೆ.
ಬೆರಳಾಡಿಸಿದೆ, ನುಣುಪು.
ನಿಜವಾದ ಹುಳ ನನ್ನ ಬೆನ್ನ ಹಿಂದೆ
ಪ್ಲೈವುಡ್ಡಿನ ರಾಶಿಯಲ್ಲಿ
ಅಪ್ಪನ ಕಾಲದಿಂದ ಊಟ ಮಾಡುತ್ತಿದೆ.

ಸಮುದ್ರದಲ್ಲಿ ಹಾಯಿ ಬಿಚ್ಚಿದ ಹಡಗು,
ಪಕ್ಕದಲ್ಲಿ ಮೀಸೆಯ ಮೀನು.
ಇಂಥದ್ದು ಬಂದರಿನ ಧಕ್ಕೆಯಲ್ಲಿ ಇಳಿದಿದ್ದರೆ
ಬೊಬ್ಬೆ ಹೊಡೆದು ಏಲಂ ಕೂಗುತ್ತಿದ್ದರು.
ದಡದುದ್ದಕ್ಕೂ ಇರುವೆಸಾಲಿನಂತೆ ಹೆಸರುಗಳು:
ಬಾರ್ಸೆಲೋರ್, ಮಂಗಲೋರ್.
ಹಡಗಿನಿಂದ ಇಳಿಯದೆ
ಊರನ್ನು ಕೇಳಿಸಿಕೊಂಡವನ ಕಿವಿ.

ಪಟ ಉದ್ದ, ಫ್ರೇಮು ಗಿಡ್ಡ.
ಎರಡು ಬೆರಳಿನಷ್ಟು ಮೌಂಟಿನ ರಟ್ಟಿನಡಿ ಹೋಗಲೇಬೇಕು.
"ಮೇಲೆ ಮುಚ್ಚಲೋ, ಕೆಳಗೋ?"
"ಮೇಲೆ ಆ ಚೆಂದದ ಅಕ್ಷರ ಉಂಟಲ್ಲ.
ಕೆಳಗೆ ಮುಚ್ಚಿ ಗ್ರೆಗೋರಿಯವರೇ, ಅಲ್ಲಿ ಎಂತದೂ ಇಲ್ಲ."

ಎಂತದೂ ಇಲ್ಲ, ಹೌದು.
ಹೊಳೆ ಎರಡಾಗಿ ಒಡೆದು ಮತ್ತೆ ಸೇರುವಲ್ಲಿ
ಅಕ್ಕಿಕಾಳಿನಷ್ಟು ಬಿಳಿ, ಹೆಸರಿಲ್ಲ.
ಅಮ್ಮ ಹುಟ್ಟಿದ ಕುದ್ರು ಅದು.
ಅಥವಾ ಅಚ್ಚಿನ ದೋಷ.
ಅಲ್ಲಿ ಶಾಲೆಗೆ ದೋಣಿ, ಇಗರ್ಜಿಗೆ ದೋಣಿ,
ಶವಪೆಟ್ಟಿಗೆಗೂ ಅದೇ ದೋಣಿ, ಅದೇ ಹುಟ್ಟು.
ಅಮ್ಮ ಪಟ ನೋಡಿದವಳಲ್ಲ.
ಹೊಳೆ ಎಲ್ಲಿಯವರೆಗೆ ತನ್ನದೆಂದು ಬರೆದುಕೊಂಡಿದೆ ಎಂದು
ಹಿತ್ತಲಿನ ತೆಂಗಿನ ಬುಡದಲ್ಲಿ ಓದುತ್ತಿದ್ದಳು.
ಈಗ ಆ ತೆಂಗು ಇಲ್ಲ.
ಮರಳು ತೆಗೆಯುವವರು ಕುದ್ರುವಿನ ಒಂದು ಅಂಚನ್ನೇ
ಕತ್ತರಿಸಿ ಒಯ್ದಿದ್ದಾರೆ, ರಾತ್ರಿ, ಅಳತೆಪಟ್ಟಿ ಇಲ್ಲದೆ.

ನಲವತ್ತು ವರ್ಷ ನನ್ನ ಬ್ಲೇಡು ಗೆರೆ ತಪ್ಪಿದ್ದಿಲ್ಲ.
ಆ ಸಂಜೆ ಕರೆಂಟು ಹೋಗಿತ್ತು ಎನ್ನಬಹುದು.
ರಟ್ಟಿನ ಅಂಚು ಎಡಮೂಲೆಯಲ್ಲಿ
ಒಂದು ನೂಲು ಇಳಿಯಿತು.
ಅಕ್ಕಿಕಾಳು ಉಳಿಯಿತು.

ವಾರ ಬಿಟ್ಟು ಫೋನು.
"ಉಳಿದವೆಲ್ಲ ಸರಿ ಉಂಟು. ಸೋಫಾದ ಮೇಲಿನದ್ದು ಮಾತ್ರ
ಎಷ್ಟು ಸರಿ ಮಾಡಿದರೂ ಓರೆ ಕಾಣ್ತದೆ ಮಾರಾಯ್ರೆ."

ಬೇರೊಬ್ಬರ ಅಜ್ಜನ ಗಾಜು ಒರೆಸುತ್ತ ಹೇಳಿದೆ:
"ಹೊಸ ಕಟ್ಟಡ ಅಲ್ವಾ ಮೇಡಂ,
ಗೋಡೆ ಓರೆ ಇರಬೇಕು."