ಎಡಕ್ಕೆಳೆಯುವ ಗಾಡಿ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸು, ಮೂರನೇ ಸಾಲು,
ಬೆಳಿಗ್ಗೆ ಎಂಟೂವರೆ. ಹೆರಾಲ್ಡಿನ ಬಾನೆಟ್ಟು
ಮುಂದಕ್ಕೆ ಮಗುಚಿ ಪೂರ್ತಿ ತೆರೆದುಕೊಂಡಿದೆ,
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರಂತೆ
ಸಂಕೋಚ ಬಿಟ್ಟು.

"ಎಡಕ್ಕೆ ಎಳೀತದೆ ಮಾರಾಯ" ಅಂದರು ಸೆವ್ರಿನ್ ಮಿಸ್ಸು.
"ಯಾವಾಗಿಂದ?"
"ಯಾವಾಗ ಎಳೀಲಿಲ್ಲ ಹೇಳು."

ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು,
ಗಾಲಿಯನ್ನು ಗಡಿಯಾರ ಅಂದುಕೊಂಡು
ಹನ್ನೆರಡಕ್ಕೊಂದು ಕೈ, ಆರಕ್ಕೊಂದು ಕೈ,
ಅಲುಗಿಸಿದೆ. ಟಕ್ಕು.
"ತೌಸೀಫ್, ಬ್ರೇಕ್ ತುಳಿ."
ತುಳಿದ. ಮತ್ತೆ ಅಲುಗಿಸಿದೆ. ಟಕ್ಕು.
ಬೇರಿಂಗ್ ಆಗಿದ್ದರೆ ಬ್ರೇಕಿಗೆ ಬಾಯಿ ಮುಚ್ಚುತ್ತಿತ್ತು.
ಇದು ಅದರ ಕೆಳಗಿನದು, ಟ್ರನಿಯನ್ನು,
ಮುಂಭಾರ ಹೊತ್ತು ತಿರುಗುವ
ಅಂಗೈಯಷ್ಟು ಕಂಚು.

ಅದರ ನಿಪ್ಪಲ್ಲಿಗೆ ಯಾರೋ ಪುಣ್ಯಾತ್ಮ
ವರ್ಷವರ್ಷವೂ ಗ್ರೀಸ್ ತುಂಬಿದ್ದ, ಭಕ್ತಿಯಿಂದ.
ಅದು ಕೇಳುವುದು ಎಣ್ಣೆ. ತೊಂಬತ್ತರ ಗೇರ್ ಎಣ್ಣೆ.
ಗ್ರೀಸು ಬಾಯಲ್ಲೇ ಗಟ್ಟಿಯಾಗಿ ಕೂತು
ಒಳಗಿನ ಥ್ರೆಡ್ಡೆಲ್ಲ ಒಣಗಿ ತುಕ್ಕು.
ಉಪವಾಸ ಕೆಡವುವುದಕ್ಕೆ ಹೀಗೂ ಒಂದು ದಾರಿ,
ಬೇಡದ್ದನ್ನು ಹೊಟ್ಟೆ ತುಂಬ ಬಡಿಸುವುದು.

ಬಿಚ್ಚಿ ಕೈಗೆ ಕೊಟ್ಟೆ. ಮಿಸ್ಸು ಕನ್ನಡಕ ಏರಿಸಿ
ಉಗುರಿನಲ್ಲಿ ಗೀರಿ ನೋಡಿದರು.
"ಇದರ ಮೇಲೆ ನಾನು ಆಗುಂಬೆ ಇಳಿದೆನಾ?"
"ಹೋದ ವಾರ."
"ಕುಂದಾಪುರದ ಹುಡುಗಿಗೆ ಹೇರ್‌ಪಿನ್ ಕಲಿಸ್ತಿದ್ದೆ."
ಆಮೇಲೆ ಮಾತಾಡಲಿಲ್ಲ,
ತೌಸೀಫನ ಟೀ ಎತ್ತಿ ಕುಡಿದರು.

ಭದ್ರಾವತಿಯ ಲೇತಿನ ಪಾಂಡಿದೊರೈ
ಕಂಚು ಕಡೆದುಕೊಟ್ಟ, ಎರಡು ಸಲ;
ಮೊದಲನೆಯದು ಕೂದಲೆಳೆಯಷ್ಟು ಸಡಿಲ.
ಸ್ಟೇರಿಂಗ್ ರ‍್ಯಾಕಿನ ರಬ್ಬರು ಎಂಜಿನ್ನೆಣ್ಣೆ ಕುಡಿದು
ಬಿರಿದ ಹಲಸಿನ ತೊಳೆಯಂತಾಗಿತ್ತು, ಹೊಸದು ಹಾಕಿದೆ.
ಟೈರಾಡ್ ತುದಿ ಎರಡೂ.
ಹಿಂದಿನ ಗಾಲಿಯಿಂದ ಮುಂದಕ್ಕೆ ನೂಲೆಳೆದು
ಮುಂಗಾಲಿಗಳ ನೇರ ನೋಡಿದೆ.
ಮೆಷಿನ್ ಸುಳ್ಳಾಡಬಹುದು. ನೂಲಿಗೆ ಅದು ಬರುವುದಿಲ್ಲ.

ಗಾಜನೂರಿನ ಕಡೆ ಟ್ರಯಲ್ಲಿಗೆ ಹೋದೆವು.
ಸಪಾಟು ರಸ್ತೆ, ಎದುರು ಯಾರಿಲ್ಲ,
ಗಾಡಿ ಬಲಕ್ಕೆ.
ಬಿಳಿಪಟ್ಟೆ ದಾಟುತ್ತಿದೆ.
ಇಳಿದೆ. ಮತ್ತೆ ನೂಲು. ಸರಿ.
ಟೈರಿನ ಗಾಳಿ ಸರಿ. ಬ್ರೇಕ್ ಎಲ್ಲೂ ಹಿಡಿದಿಲ್ಲ.
ಹತ್ತಿದೆ. ಮತ್ತೆ ಬಲಕ್ಕೆ.
ಪಾಂಡಿದೊರೈಗೆ ಮನಸ್ಸಲ್ಲೇ ಬೈದೆ.
ಪಕ್ಕದಿಂದ ತೌಸೀಫ್: "ಅಣ್ಣ, ಒಂದ್ಸಲ ಕೈ ಬಿಡಿ."

ಬಿಟ್ಟೆ.
ಹೆರಾಲ್ಡು ನೆಟ್ಟಗೆ ಹೋಯಿತು.
ಬಿಟ್ಟಿದ್ದರೆ ಸಕ್ರೆಬೈಲಿನ ಆನೆಗಳ ತನಕ ಹೋಗುತ್ತಿತ್ತೇನೋ.

ಹತ್ತೊಂಬತ್ತನೇ ವಯಸ್ಸಲ್ಲಿ ಇದೇ ಗಾಡಿಯ ಎಲ್ ಬೋರ್ಡಿನ ಹಿಂದೆ
ಗಿಣ್ಣಿಗೆ ಸ್ಕೇಲಿನೇಟು ತಿಂದು ಕಲಿತವನು ನಾನು.
"ರಸ್ತೆ ವಾಲಿದೆ ವೀರೋಜಿ, ಸ್ವಲ್ಪ ಬಲಕ್ಕೆ.
ಸ್ವಲ್ಪ. ಹಾಗೇ ಹಿಡ್ಕೋ."
ಬೇರೆ ಗಾಡಿಗಳಲ್ಲಿ ಮರೆತಿರುತ್ತದೆ ಕೈ,
ಈ ತೆಳು ಸ್ಟೇರಿಂಗ್ ಮುಟ್ಟಿದ್ದೇ ತಡ
ಮೂವತ್ತೊಂದು ವರ್ಷದ ಮಾತು ಪಾಲಿಸುತ್ತದೆ.
ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರು,
ಇಬ್ಬರು ಹೆರಿಗೆ ಡಾಕ್ಟರು, ಒಬ್ಬ ಬ್ರೇಕ್ ಇನ್ಸ್‌ಪೆಕ್ಟರು,
ಊರಲ್ಲಿ ಇನ್ನೆಷ್ಟು ಕೈಗಳೋ ಹೀಗೆ.

ಸಂಜೆ ಮಿಸ್ಸು ಬಂದರು. ದುಡ್ಡು ಎಣಿಸಿ ಕೊಟ್ಟರು.
"ಇನ್ನು ಸ್ಟೇರಿಂಗ್ ಸಡಿಲ ಹಿಡೀರಿ ಮಿಸ್" ಅಂದೆ.
"ನೀನು ನನಗೆ ಕಲಿಸ್ತೀಯಾ?"

ಹೊರಟರು. ಗೇಟಿನ ಬಲಗಂಬಕ್ಕೆ
ಎರಡಂಗುಲ ಇರುವಾಗ ನಿಲ್ಲಿಸಿ,
ಸ್ಟೇರಿಂಗಿನ ಮೇಲಿನ ತಮ್ಮ ಕೈ ನೋಡಿಕೊಂಡು
ಸ್ವಲ್ಪ ಹೊತ್ತು ಕೂತು
ರಿವರ್ಸ್ ಹಾಕಿದರು.